ತಾರಸಿಯ ದೂರದರ್ಶಕಕ್ಕೆ ದಿಕ್ಕು ಹೇಳಿಕೊಡುವುದು

ದೂರದರ್ಶಕವೊಂದನ್ನು ಕೊಳ್ಳಬೇಕೆಂಬ ಆಸೆ ಅನೇಕರಿಗೆ ಉಂಟು. ಕೊಂಡವರೂ ಈಚೆಗೆ ನಮ್ಮ ಊರುಗಳಲ್ಲಿ ಅಪರೂಪವಲ್ಲ. ಅದರಲ್ಲಿಯೂ ಗಣಕಯಂತ್ರವನ್ನು ಒಡಲಲ್ಲಿ ಇಟ್ಟುಕೊಂಡ ದೂರದರ್ಶಕ ಬಂದಮೇಲೆ ಈ ಆಸೆ ಇಮ್ಮಡಿಯಾಗಿದೆ. 1992ರಲ್ಲಿ ಅಮೆರಿಕದ ಮೀಡ್ ಕಂಪೆನಿ ಎಲ್.ಎಕ್ಸ್. 200 ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಇಂಥ ಯಂತ್ರಗಳು ಗೃಹಸ್ಥರ ಹಿತ್ತಲಿಗೂ ತಾರಸಿಗೂ ಹೆಚ್ಚುಹೆಚ್ಚಾಗಿ ಬರತೊಡಗಿದವು. ಕೈಯಲ್ಲಿ ಹಿಡಿಯುವ ಪುಟ್ಟ ಪೆಟ್ಟಿಗೆಯೊಂದಿರುತ್ತದೆ. ಅದರ ಗುಂಡಿಯೊತ್ತಿ ಶನಿ ಎಂದರೆ ಸಾಕು, ಮೋಟಾರು ಗುಂಯ್‌ಗುಟ್ಟಿ, ಕೊಳವೆ ತಾನಾಗಿಯೇ ತಿರುಗಿ ಶನಿಯ ಕಡೆ ನಿಲ್ಲುತ್ತದೆ.

ನಿಲ್ಲುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಮೊದಲ ರಾತ್ರಿ ಮನೆಮಂದಿಯೆಲ್ಲ ತಾರಸಿಯ ಮೇಲೆ ಸೇರಿ, ಮಕ್ಕಳು ನಾನು ಮೊದಲು ತಾನು ಮೊದಲು ಎಂದು ಜಗಳವಾಡುತ್ತಿರುವಾಗ, ಕೊಳವೆ ನೆರೆಮನೆಯ ನೀರಿನ ತೊಟ್ಟಿಯತ್ತ ತಿರುಗಿ ಗಂಭೀರವಾಗಿ ನಿಲ್ಲುವುದೂ ಉಂಟು. ಇಂಥ ನಾಲ್ಕು ರಾತ್ರಿ ಕಳೆದರೆ ದೂರದರ್ಶಕ ಅಟ್ಟ ಸೇರುತ್ತದೆ. ಬೆಲೆ ಕಡಮೆಯದಲ್ಲ, ಹಣಕ್ಕಿಂತ ಹೆಚ್ಚಾಗಿ ಆ ಮಕ್ಕಳ ಕುತೂಹಲವೂ ಅದರೊಡನೆ ಅಟ್ಟ ಸೇರುತ್ತದಲ್ಲ, ಅದು ನಷ್ಟ.

ಇದರಲ್ಲಿ ಯಂತ್ರದ ತಪ್ಪು ಬಹಳ ಸಲ ಏನೂ ಇರುವುದಿಲ್ಲ. ಗಣಕಕ್ಕೆ ಆಕಾಶ ಗೊತ್ತಿಲ್ಲ, ಲೆಕ್ಕ ಗೊತ್ತು. ಸಾವಿರಾರು ನಕ್ಷತ್ರಗಳ ಪಟ್ಟಿ ಅದರ ನೆನಪಿನಲ್ಲಿದೆ. ಆದರೆ ತಾನು ಎಲ್ಲಿ ನಿಂತಿದ್ದೇನೆ, ಈಗ ಗಂಟೆಯೆಷ್ಟು, ತನ್ನ ಅಕ್ಷ ಯಾವ ಕಡೆಗೆ ಚಾಚಿದೆ, ಇವನ್ನು ನೀವು ಹೇಳಿಕೊಡಬೇಕು. ನೀವು ಹೇಳಿದ್ದನ್ನು ಅದು ಪ್ರಶ್ನಿಸದೆ ನಂಬುತ್ತದೆ.

ಮೊದಲು ಕಾಲದ ಮಾತು. ಈ ಪೆಟ್ಟಿಗೆಗಳು ಸಾಮಾನ್ಯವಾಗಿ ಅಮೆರಿಕದ ಕ್ರಮದಲ್ಲಿ ತಿಂಗಳನ್ನು ಮೊದಲು, ತಾರೀಖನ್ನು ಆಮೇಲೆ ಕೇಳುತ್ತವೆ. ಮಾರ್ಚಿ 7 ಎಂದು ನಾವು ಒತ್ತಿದ್ದು ಅದಕ್ಕೆ ಜುಲೈ 3 ಆಗಬಹುದು. ಬೇಸಗೆಯ ಹಗಲುಳಿತಾಯದ ಕಾಲ ಉಂಟೇ ಎಂದು ಕೇಳಿದರೆ ಇಲ್ಲವೆನ್ನಬೇಕು. ನಮ್ಮ ಕಾಲ ಗ್ರೀನ್‌ವಿಚ್ಚಿಗಿಂತ ಐದೂವರೆ ಗಂಟೆ ಮುಂದೆ. ಆ ಅರ್ಧ ಗಂಟೆಯನ್ನು ಮರೆತರೆ ಆಕಾಶದಲ್ಲಿ ಏಳೂವರೆ ಡಿಗ್ರಿ ತಪ್ಪುತ್ತದೆ. ಎಂದರೆ ಹದಿನೈದು ಹುಣ್ಣಿಮೆಯ ಚಂದ್ರರನ್ನು ಸಾಲಾಗಿ ಇಟ್ಟಷ್ಟು ದೂರ. ನೀರಿನ ತೊಟ್ಟಿಯ ಕಥೆಗಳಲ್ಲಿ ಎಷ್ಟೋ ಇಲ್ಲಿಯೇ ಮುಗಿಯುತ್ತವೆ.

ಇನ್ನು ಅಕ್ಷ. ಭೂಮಿ 23 ಗಂಟೆ 56 ನಿಮಿಷ 4 ಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ. ಅದರಿಂದ ನಕ್ಷತ್ರಗಳು ಗಂಟೆಗೆ ಸುಮಾರು 15 ಡಿಗ್ರಿಯಂತೆ ಪಶ್ಚಿಮಕ್ಕೆ ಸಾಗಿದಂತೆ ಕಾಣುತ್ತವೆ. ದೂರದರ್ಶಕದ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಅದೇ ವೇಗದಲ್ಲಿ ಎದುರು ದಿಕ್ಕಿಗೆ ತಿರುಗಿಸಿದರೆ ನಕ್ಷತ್ರ ನೋಟದಲ್ಲಿ ಕದಲದೆ ನಿಲ್ಲುತ್ತದೆ. 1824ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಡೋರ್ಪಾಟ್ ವೀಕ್ಷಣಾಲಯಕ್ಕೆ ಮಾಡಿಕೊಟ್ಟ ದೂರದರ್ಶಕ ಈ ಉಪಾಯದಿಂದಲೇ, ಗಡಿಯಾರದ ಯಂತ್ರದಿಂದ ಓಡಿತು. 1986ರಲ್ಲಿ ಉದ್ಘಾಟನೆಯಾದ ಕಾವಲೂರಿನ 2.34 ಮೀಟರ್ ವೈನು ಬಾಪು ದೂರದರ್ಶಕದ ಭಾರೀ ಅಕ್ಷವೂ ಹೀಗೆಯೇ ಧ್ರುವದತ್ತ ಚಾಚಿದೆ. ಗಣಕದ ಬಲವಿದ್ದರೆ ಅಕ್ಷವನ್ನು ಓರೆ ಮಾಡದೆಯೂ, ಎರಡು ಮೋಟಾರುಗಳಿಂದ ಮೇಲೆಕೆಳಗೆ, ಎಡಬಲ ಸರಿಸುತ್ತ ನಕ್ಷತ್ರವನ್ನು ಹಿಂಬಾಲಿಸಬಹುದು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿದ್ದು, ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸಲಾಗುವ ಹಿಮಾಲಯನ್ ಚಂದ್ರ ದೂರದರ್ಶಕ ಆ ಜಾತಿಯದು. ಆದರೆ ಹಾಗೆ ಹಿಂಬಾಲಿಸುವಾಗ ನೋಟದ ವೃತ್ತ ನಿಧಾನವಾಗಿ ಸುತ್ತುತ್ತದೆ. ಮನೆಯಲ್ಲಿ ಛಾಯಾಚಿತ್ರ ತೆಗೆಯುವ ಹಂಬಲವಿದ್ದವರಿಗೆ ಓರೆಯಾದ ಅಕ್ಷವೇ ಸಲೀಸು.

ದಿನವೂ ಹೊತ್ತುತಂದು ಇಡುವ ಮುಕ್ಕಾಲಿಯ ಮೇಲೆ ಈ ಅಕ್ಷವನ್ನು ದಿನವೂ ಹೊಸದಾಗಿ ಹೊಂದಿಸಬೇಕು. ಶಾಶ್ವತವಾದ ಕಂಬವೊಂದಿದ್ದರೆ ಎರಡು ರಾತ್ರಿ ಶ್ರಮಪಟ್ಟರೆ ವರ್ಷಗಟ್ಟಲೆ ನೆಮ್ಮದಿ. ಊರಿನಲ್ಲಿರುವವರಿಗಂತೂ ಇದು ಹೆಚ್ಚು ಮುಖ್ಯ. ಹಳ್ಳಿಯ ಕತ್ತಲೆಯಲ್ಲಿ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಕಣ್ಣಿನಿಂದಲೇ ದಾರಿ ಹಿಡಿದು ಹೋಗಬಹುದು. ಬೀದಿ ದೀಪಗಳ ನಡುವೆ ಆ ದಾರಿಯ ಮೈಲಿಗಲ್ಲುಗಳೇ ಕಾಣುವುದಿಲ್ಲ. ಅಲ್ಲಿ ಗಣಕವೇ ಕೋಲು, ಅದೇ ಕಣ್ಣು.

ಕಂಬವನ್ನು ತಾರಸಿಯ ನಟ್ಟನಡುವೆ ನಿಲ್ಲಿಸಬೇಡಿ. ಅಲ್ಲಿ ಹೆಜ್ಜೆಯಿಟ್ಟರೆ ಸಾಕು, ನಕ್ಷತ್ರ ನಡುಗುತ್ತದೆ. ಕೆಳಗಿನ ತೊಲೆಯೂ ಕಂಬವೂ ಕೂಡುವ ಮೂಲೆಯನ್ನು ಮೇಸ್ತ್ರಿಯಿಂದ ಕೇಳಿ ತಿಳಿದು, ಅದರ ಮೇಲೆ ದಪ್ಪ ಕಬ್ಬಿಣದ ಕೊಳವೆಯೊಂದನ್ನು ಭದ್ರವಾಗಿ ಕೂರಿಸಿ, ಒಳಗೆ ಒಣ ಮರಳು ತುಂಬಿಸಿ. ಹಿತ್ತಲಿನ ನೆಲವಾದರೆ ಇನ್ನೂ ಒಳ್ಳೆಯದು. ಆದರೆ ಉತ್ತರಕ್ಕೆ ತೆಂಗಿನ ಮರಗಳಿಲ್ಲವೇ ನೋಡಿಕೊಳ್ಳಿ.

ಉತ್ತರದ ಮಾತು ಬಂತು. ಧ್ರುವಬಿಂದು ಕ್ಷಿತಿಜದಿಂದ ಎಷ್ಟು ಎತ್ತರದಲ್ಲಿರುತ್ತದೆಯೋ ಅಷ್ಟೇ ಆ ಊರಿನ ಅಕ್ಷಾಂಶ. ಬೆಂಗಳೂರಿನಲ್ಲಿ ಅದು 13 ಡಿಗ್ರಿಗೆ ತುಸು ಕಡಮೆ. ಬೀದರಿಗೆ ಹೋದರೂ 18ರ ಹತ್ತಿರ. ಯಂತ್ರದೊಡನೆ ಬರುವ ಪುಸ್ತಕಗಳನ್ನು ಬರೆಯುವವರು ಬಹುಮಟ್ಟಿಗೆ 35, 40 ಡಿಗ್ರಿಯ ನಾಡಿನವರು. ಧ್ರುವನಕ್ಷತ್ರವನ್ನು ನೋಡಿ ಹೊಂದಿಸಿ ಎಂದು ಅವರು ಸುಲಭವಾಗಿ ಬರೆದುಬಿಡುತ್ತಾರೆ. ನಮಗೆ ಧ್ರುವ ಮುಂದಿನ ಮನೆಯ ಎರಡನೆಯ ಮಹಡಿಯ ಹಿಂದೆ ಇರುತ್ತಾನೆ. ಕಂಡರೂ ದಿಗಂತದ ಧೂಳಿನಲ್ಲಿ ಮಂಕಾಗಿ ಕಾಣುತ್ತಾನೆ. ಅಲ್ಲದೆ ಧ್ರುವನಕ್ಷತ್ರ ನಿಜವಾದ ಧ್ರುವಬಿಂದುವಿನಿಂದ ಚಂದ್ರಬಿಂಬದ ಅಗಲಕ್ಕಿಂತ ತುಸು ಹೆಚ್ಚು ದೂರದಲ್ಲಿದ್ದು, ತಾನೂ ಅದರ ಸುತ್ತ ಸುತ್ತುತ್ತಿದೆ. ಇನ್ನೊಂದು ಸೂಕ್ಷ್ಮವುಂಟು. ಅಷ್ಟು ತಗ್ಗಿನಲ್ಲಿ ವಾಯುಮಂಡಲ ಬೆಳಕನ್ನು ಬಗ್ಗಿಸಿ, ನಕ್ಷತ್ರವನ್ನು ಸುಮಾರು ನಾಲ್ಕು ಕಲೆಗಳಷ್ಟು ಎತ್ತಿ ತೋರಿಸುತ್ತದೆ. ಡಿಗ್ರಿಯ ಅರವತ್ತನೆಯ ಭಾಗಕ್ಕೆ ಕಲೆಯೆಂದೂ, ಕಲೆಯ ಅರವತ್ತನೆಯ ಭಾಗಕ್ಕೆ ವಿಕಲೆಯೆಂದೂ ಹೆಸರು. ಅಕ್ಷವನ್ನು 13 ಡಿಗ್ರಿಗೆ ತಗ್ಗಿಸುವುದೂ ಎಲ್ಲ ಪೀಠಗಳಲ್ಲಿ ಆಗುವುದಿಲ್ಲ. ತೂಕದ ಗುಂಡು ಮುಕ್ಕಾಲಿನ ಕಾಲಿಗೋ ಕಂಬಕ್ಕೋ ತಾಗುತ್ತದೆ. ಕೊಳ್ಳುವ ಮುನ್ನವೇ ಇದನ್ನು ಕೇಳಬೇಕು.

ಹಾಗಾದರೆ ಉತ್ತರವನ್ನು ಹುಡುಕುವುದು ಹೇಗೆ? ದಿಕ್ಸೂಚಿ ಬೇಡ. ಅದು ತೋರಿಸುವುದು ಭೂಮಿಯ ಕಾಂತದ ಉತ್ತರ; ತಾರಸಿಯೊಳಗಿನ ಕಬ್ಬಿಣದ ಸರಳುಗಳು ಅದನ್ನೂ ಕೆಡಿಸುತ್ತವೆ. ಸೂರ್ಯನನ್ನೇ ಕೇಳಿ. ಡಿಸೆಂಬರ್ 25ರ ಸುಮಾರಿಗೆ ಗಡಿಯಾರದ ಕಾಲಕ್ಕೂ ಸೂರ್ಯನ ಕಾಲಕ್ಕೂ ಇರುವ ಏರುಪೇರು ಸೊನ್ನೆಯಾಗುತ್ತದೆ. ಉಳಿಯುವುದು ರೇಖಾಂಶದ ವ್ಯತ್ಯಾಸ ಮಾತ್ರ. ನಮ್ಮ ದೇಶದ ಗಡಿಯಾರ 82½ ಡಿಗ್ರಿ ರೇಖಾಂಶದ್ದು. ಬೆಂಗಳೂರು ಅದಕ್ಕೆ ಸುಮಾರು ಐದು ಡಿಗ್ರಿ ಪಶ್ಚಿಮ. ಆದುದರಿಂದ ಆ ದಿನ ಬೆಂಗಳೂರಿನಲ್ಲಿ ನಿಜವಾದ ನಡುಹಗಲು 12 ಗಂಟೆ 20 ನಿಮಿಷಕ್ಕೆ, ಮೈಸೂರಿನಲ್ಲಿ 12-23ಕ್ಕೆ, ಧಾರವಾಡದಲ್ಲಿ 12-30ಕ್ಕೆ. ತೂಗುಗುಂಡಿನ ದಾರವೊಂದನ್ನು ಕಂಬದ ಬಳಿ ಇಳಿಬಿಟ್ಟು, ಆ ಗಳಿಗೆಯಲ್ಲಿ ಅದರ ನೆರಳಿನ ಮೇಲೆ ಸೀಮೆಸುಣ್ಣದಿಂದ ಗೆರೆಯೆಳೆಯಿರಿ. ಅದೇ ಉತ್ತರ ದಕ್ಷಿಣ. ಒಂದು ನಿಮಿಷ ತಡವಾದರೆ ಡಿಗ್ರಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತಪ್ಪೀತು. ಗಡಿಯಾರವನ್ನು ರೇಡಿಯೋ ಸಮಯಕ್ಕೆ ಸರಿಮಾಡಿಕೊಂಡಿರಿ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಇವುಗಳ ಹತ್ತಿರವೂ ಏರುಪೇರು ಸೊನ್ನೆಯಾಗುವುದುಂಟು. ಆದರೆ ಏಪ್ರಿಲ್, ಸೆಪ್ಟೆಂಬರುಗಳಲ್ಲಿ ಸೂರ್ಯ ನಮ್ಮ ನೆತ್ತಿಯ ಬಳಿ ಇರುವುದರಿಂದ ನೆರಳು ಗೇಣುದ್ದವೂ ಬೀಳದು. ಜೂನಿನಲ್ಲಂತೂ ಅದು ದಕ್ಷಿಣಕ್ಕೇ ಬೀಳುತ್ತದೆ.

ಆ ಗೆರೆಯ ಮೇಲೆ ಅಕ್ಷವನ್ನು ನಿಲ್ಲಿಸಿ, ಅಳತೆಪಟ್ಟಿಯಲ್ಲಿ ನಿಮ್ಮ ಊರಿನ ಅಕ್ಷಾಂಶವನ್ನಿಟ್ಟರೆ ಒರಟು ಕೆಲಸ ಮುಗಿಯಿತು. ನಯಗೆಲಸಕ್ಕೆ ಧ್ರುವನ ಹಂಗೇ ಇಲ್ಲದ ಒಂದು ಉಪಾಯವಿದೆ. ಫ್ರಾನ್ಸಿನಲ್ಲಿ ಇದನ್ನು ಅಲ್ಲಿನ ಖಗೋಳಜ್ಞ ಬಿಗೂರ್ದಾನನ ಹೆಸರಿನಿಂದ ಕರೆಯುತ್ತಾರೆ. ಒಂದು ನಕ್ಷತ್ರವನ್ನು ಹಿಡಿದು, ಗಡಿಯಾರದ ಓಟಕ್ಕೆ ಬಿಟ್ಟು, ಅದು ಉತ್ತರಕ್ಕೆ ಸರಿಯುತ್ತದೆಯೋ ದಕ್ಷಿಣಕ್ಕೆ ಸರಿಯುತ್ತದೆಯೋ ನೋಡುವುದು; ಇಷ್ಟೆ.

ಯಾವ ನಕ್ಷತ್ರ? ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳು ಎಲ್ಲರಿಗೂ ಗೊತ್ತು. ಅವುಗಳಲ್ಲಿ ಮೊದಲು ಹುಟ್ಟುವುದು ಮಿಂಟಾಕ. ಅದು ಹೆಚ್ಚುಕಡಮೆ ಖಗೋಳದ ವಿಷುವದ್ವೃತ್ತದ ಮೇಲೆಯೇ ಇದೆ. ಈ ಪರೀಕ್ಷೆಗೆ ಬೇಕಾದದ್ದು ಅದೇ. ಅದಕ್ಕೆ ಇನ್ನೂ ಒಂದು ಗುಣವುಂಟು. ಸಣ್ಣ ದೂರದರ್ಶಕದಲ್ಲಿಯೂ ಅದರ ಪಕ್ಕದಲ್ಲಿ ಮಂಕಾದ ಜೊತೆತಾರೆಯೊಂದು ಕಾಣುತ್ತದೆ. ಅದು ಸುಮಾರು 53 ವಿಕಲೆ ದೂರದಲ್ಲಿ, ಮಿಂಟಾಕದಿಂದ ನೇರ ಉತ್ತರಕ್ಕಿದೆ. ಕನ್ನಡಿಗಳು ಚಿತ್ರವನ್ನು ಎಡಬಲ, ತಲೆಕೆಳಗೆ ಮಾಡುವ ದೂರದರ್ಶಕದಲ್ಲಿ ಉತ್ತರ ಯಾವುದೆಂಬ ಗೊಂದಲಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ದಿಕ್ಕನ್ನು ತೋರುವ ಕೈಮರವೂ ಅದೇ, ದೂರವನ್ನು ಅಳೆಯುವ ಕೋಲೂ ಅದೇ.

ಡಿಸೆಂಬರ್ 25ರ ರಾತ್ರಿ ಬೆಂಗಳೂರಿನಲ್ಲಿ ಮಿಂಟಾಕ ಹನ್ನೊಂದೂವರೆ ದಾಟಿದ ಮೇಲೆ ಯಾಮ್ಯೋತ್ತರ ವೃತ್ತಕ್ಕೆ, ಎಂದರೆ ಉತ್ತರ ದಕ್ಷಿಣಗಳನ್ನು ನೆತ್ತಿಯ ಮೂಲಕ ಕೂಡಿಸುವ ಗೆರೆಗೆ ಬರುತ್ತದೆ. ಅಡ್ಡಗೆರೆಗಳುಳ್ಳ ನೇತ್ರಕವನ್ನು ಹಾಕಿ ಅದನ್ನು ನಡುವೆ ತಂದು ಹತ್ತು ನಿಮಿಷ ಕಾಯಿರಿ. ಜೊತೆತಾರೆಯ ಎದುರು ದಿಕ್ಕಿಗೆ, ಎಂದರೆ ದಕ್ಷಿಣಕ್ಕೆ ಸರಿದರೆ ನಿಮ್ಮ ಅಕ್ಷದ ಉತ್ತರದ ತುದಿ ಪೂರ್ವಕ್ಕೆ ವಾಲಿದೆ. ಉತ್ತರಕ್ಕೆ ಸರಿದರೆ ಪಶ್ಚಿಮಕ್ಕೆ ವಾಲಿದೆ. ಹತ್ತು ನಿಮಿಷದಲ್ಲಿ ಜೊತೆತಾರೆಯಷ್ಟು ದೂರ ಸರಿದರೆ ಅಕ್ಷ ಸುಮಾರು 20 ಕಲೆ ತಪ್ಪಿದೆಯೆಂದು ಲೆಕ್ಕ. ತಿದ್ದುವುದು ಕಂಬದ ತಲೆಯ ತಿರುಪುಗಳಿಂದ ಮಾತ್ರ, ಕೈಪೆಟ್ಟಿಗೆಯ ಗುಂಡಿಗಳಿಂದಲ್ಲ. ತಿದ್ದಿ, ನಕ್ಷತ್ರವನ್ನು ಮತ್ತೆ ನಡುವೆ ತಂದು, ಮತ್ತೆ ಕಾಯಿರಿ. ಸರಿಯುವ ದೂರ ಜೊತೆತಾರೆಯ ಅಂತರದ ಹತ್ತನೆಯ ಒಂದು ಭಾಗಕ್ಕೆ ಇಳಿದರೆ ತಪ್ಪು ಎರಡು ಕಲೆಗೆ ಬಂದಿತು. ಚಳಿಗೆ ಶಾಲು ಹೊದ್ದಿರಿ, ಫ್ಲಾಸ್ಕಿನಲ್ಲಿ ಕಾಫಿಯಿರಲಿ.

ಕಾಯುವಾಗ ನಕ್ಷತ್ರ ಪೂರ್ವ ಪಶ್ಚಿಮವಾಗಿ ತುಸು ಓಲಾಡುವುದನ್ನೂ ಕಾಣುವಿರಿ. ಗಾಬರಿ ಬೇಡ, ಅದು ಹಲ್ಲುಚಕ್ರದ ದೋಷ. 180 ಹಲ್ಲಿನ ಚಕ್ರವಾದರೆ ಅದನ್ನು ಓಡಿಸುವ ತಿರುಪು ಎಂಟು ನಿಮಿಷಕ್ಕೊಮ್ಮೆ ಸುತ್ತುತ್ತದೆ. ಓಲಾಟವೂ ಎಂಟು ನಿಮಿಷಕ್ಕೊಮ್ಮೆ ಮರಳುತ್ತದೆ. ಈ ಪರೀಕ್ಷೆಗೆ ಅದರ ಗೊಡವೆಯಿಲ್ಲ. ಆಮೇಲೆ ಎಂದಾದರೂ ಗಣಕಕ್ಕೆ ಅದನ್ನು ಕಲಿಸಿ ತಿದ್ದಿಸಬಹುದು.

ಅಕ್ಷದ ಎತ್ತರವನ್ನು ನೋಡಲು ಮರುದಿನದ ತನಕ ಕಾಯಬೇಕು. ಕಂಬ ಅಲ್ಲಿಯೇ ಇರುತ್ತದೆ, ಅವಸರವೇನು? 26ರ ಸಂಜೆ ಏಳೂವರೆಗೆ ಅದೇ ಮಿಂಟಾಕ ಪೂರ್ವದಲ್ಲಿ ಸುಮಾರು 28 ಡಿಗ್ರಿ ಎತ್ತರದಲ್ಲಿರುತ್ತದೆ. ಈಗ ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗಿದೆ, ಎತ್ತಬೇಕು. ಉತ್ತರಕ್ಕೆ ಸರಿದರೆ ಎತ್ತರವಾಗಿದೆ, ಇಳಿಸಬೇಕು. ಪೂರ್ವ ಕಾಣದ ಮನೆಯವರು ಪಶ್ಚಿಮದ ನಕ್ಷತ್ರವನ್ನು ಹಿಡಿಯಬಹುದು. ಆಗ ಈ ನಿಯಮವನ್ನು ತಿರುಗಿಸಿ ಓದಿಕೊಳ್ಳಬೇಕು. ಮೊದಲು ದಿಕ್ಕು, ಆಮೇಲೆ ಎತ್ತರ ಎಂಬ ಕ್ರಮವನ್ನು ಬಿಡಬೇಡಿ. ನೆತ್ತಿಯ ಗೆರೆಯಲ್ಲಿ ಎತ್ತರದ ತಪ್ಪು ಕಾಣಿಸುವುದಿಲ್ಲ. ಪೂರ್ವದಲ್ಲಿಯಾದರೋ ದಿಕ್ಕಿನ ತಪ್ಪೂ ಬೆರೆತುಕೊಂಡು ದಾರಿ ತಪ್ಪಿಸುತ್ತದೆ.

ಇಷ್ಟಾದ ಮೇಲೆ ಗಣಕದ ಸರದಿ. ಎರಡು ಮೂರು ನಕ್ಷತ್ರಗಳ ಹೆಸರು ಹೇಳಿ, ಅವನ್ನು ನೋಟದ ನಡುವೆ ತರಲು ಕೇಳುತ್ತದೆ. ಕೊಳವೆ ತನ್ನ ಪೀಠಕ್ಕೆ ಕಟ್ಟುನಿಟ್ಟಾಗಿ ಲಂಬವಾಗಿ ಕೂತಿಲ್ಲದಂಥ ಸಣ್ಣಪುಟ್ಟ ದೋಷಗಳನ್ನು ಇದರಿಂದ ಅದು ಲೆಕ್ಕಹಾಕಿಕೊಳ್ಳುತ್ತದೆ. ಒಂದಕ್ಕೊಂದು ದೂರವಾದವನ್ನು, ನೆತ್ತಿಯ ಗೆರೆಯ ಎರಡು ಕಡೆಯಿಂದಲೂ ಆರಿಸಿಕೊಳ್ಳಿ. ನಡುವೆ ತರುವಾಗ ಕೊನೆಯ ಚಲನೆ ಯಾವಾಗಲೂ ಒಂದೇ ಕಡೆಯಿಂದ ಆಗಲಿ. ಹಲ್ಲುಗಳ ನಡುವಣ ಸಡಿಲ ಆಗ ಪ್ರತಿಸಲವೂ ಒಂದೇ ರೀತಿ ಬಿಗಿಯುತ್ತದೆ. ಹೆಸರುಗಳು ಮಾತ್ರ ಅರಬ್ಬೀ, ಗ್ರೀಕ್, ಲ್ಯಾಟಿನ್. ಅಲ್ಡೆಬರನ್ ಎಂದರೆ ನಮ್ಮ ರೋಹಿಣಿ, ಬೀಟಲ್‌ಜ್ಯೂಸ್ ಆರ್ದ್ರೆ, ರೆಗ್ಯುಲಸ್ ಮಘೆ, ಸ್ಪೈಕಾ ಚಿತ್ತೆ, ಆರ್ಕ್ಟುರಸ್ ಸ್ವಾತಿ, ಕೆಪೆಲ್ಲಾ ಬ್ರಹ್ಮಹೃದಯ, ಸಿರಿಯಸ್ ಲುಬ್ಧಕ. ಪಂಚಾಂಗ ಬಲ್ಲ ಅಜ್ಜಿ ಮನೆಯಲ್ಲಿದ್ದರೆ ಜೊತೆಗೆ ಕರೆದುಕೊಳ್ಳಿ. ಮಿಥುನದ ಅವಳಿಗಳಲ್ಲಿ ಒಂದನ್ನು ಇನ್ನೊಂದೆಂದು ಹೇಳಿದರೂ ಯಂತ್ರ ನಂಬುತ್ತದೆ, ಆಮೇಲೆ ಇಡೀ ಆಕಾಶವನ್ನು ಅಷ್ಟು ದೂರ ತಪ್ಪಿಸುತ್ತದೆ.

ಕೆಲಸ ಮುಗಿದಾಗ ವಿದ್ಯುತ್ತನ್ನು ಹಠಾತ್ತನೆ ಆರಿಸಬೇಡಿ. ಪೆಟ್ಟಿಗೆಯಲ್ಲಿ ನಿಲುಗಡೆಯ ಅಪ್ಪಣೆಯೊಂದಿರುತ್ತದೆ. ಅದನ್ನು ಕೊಟ್ಟರೆ ತಾನು ನಿಂತ ಭಂಗಿಯನ್ನು ನೆನಪಿಟ್ಟುಕೊಂಡು ಮಲಗುತ್ತದೆ. ಮಾರನೆಯ ರಾತ್ರಿ ಸಮಯವನ್ನಷ್ಟೇ ಹೇಳಿದರೆ ಸಾಕು, ಹೊಸದಾಗಿ ನಕ್ಷತ್ರ ತೋರಿಸಬೇಕಾಗಿಲ್ಲ. ನಡುವೆ ಯಾರೂ ಕೊಳವೆಯನ್ನು ಕೈಯಿಂದ ತಿರುಗಿಸಿರಬಾರದು. ಮಳೆಗಾಲಕ್ಕೆ ಹೊದಿಕೆ ಕಟ್ಟುವಾಗ ಇದು ನೆನಪಿರಲಿ. ಮಳೆ ನಿಂತ ಮೇಲೆ ಒಮ್ಮೆ ಮಿಂಟಾಕದ ಪರೀಕ್ಷೆಯನ್ನು ಮತ್ತೆ ಮಾಡಿ. ಹೊಸ ಗಾರೆ ಮೊದಲ ವರ್ಷ ತುಸು ಕೂರುತ್ತದೆ.

26ರ ರಾತ್ರಿಯೇ ಪರೀಕ್ಷಿಸಬೇಕೆಂದರೆ ಹನ್ನೊಂದು ಗಂಟೆಯ ಹೊತ್ತಿಗೆ ಎನ್.ಜಿ.ಸಿ. 2392 ಎಂಬ ಸಂಖ್ಯೆಯನ್ನು ಒತ್ತಿ ನೋಡಿ. 1787ರಲ್ಲಿ ವಿಲಿಯಂ ಹರ್ಷೆಲ್ ಮಿಥುನ ರಾಶಿಯಲ್ಲಿ ಕಂಡ ಪುಟ್ಟ ನೀಹಾರಿಕೆ ಅದು. ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ. ಎಂಟು ಅಂಗುಲದ ದೂರದರ್ಶಕವಾದರೆ, ಊರಿನ ಬೆಳಕಿನ ನಡುವೆಯೂ, ನೋಟದ ವೃತ್ತದಲ್ಲಿ ಮಂಜು ಹಿಡಿದ ನಕ್ಷತ್ರದಂಥ ಸಣ್ಣದೊಂದು ದುಂಡು ಕಾಣಿಸುತ್ತದೆ. ಮಕ್ಕಳು ಎಚ್ಚರವಾಗಿದ್ದರೆ ಅವರನ್ನೂ ಕರೆಯಿರಿ.