ಪೊರಕೆಯೂ ಯಂತ್ರವೂ



ಮೈಸೂರಿನಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿ ಇಲವಾಲವಿದೆ. ಹೊಲಗಳಿದ್ದ ಕಡೆ ಇಂದು ಬಡಾವಣೆಗಳೆದ್ದಿವೆ. ಆ ಮನೆಗಳಲ್ಲಿ ಹೊಸದೊಂದು ಪ್ರಶ್ನೆಯೂ ಎದ್ದಿದೆ: ತಾನಾಗಿ ನೆಲ ಗುಡಿಸುವ ಯಂತ್ರವನ್ನು ಕೊಳ್ಳಬೇಕೆ, ಬೇಡವೆ?

ಧೂಳು ಹೀರುವ ಯಂತ್ರವೊಂದನ್ನು 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ರೂಪಿಸಿದ. ಅದನ್ನು ಕುದುರೆಗಾಡಿಯಲ್ಲಿ ತಂದು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯೊಳಗಿಂದ ಕೊಳವೆಯನ್ನು ಹಾಯಿಸಬೇಕಾಗಿತ್ತು. 2002ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ರೂಂಬಾ ಊಟದ ತಟ್ಟೆಗಿಂತ ತುಸು ಅಗಲ, ಅಷ್ಟೆ. ಅದು ಮಂಚದಡಿಗೆ ನುಸುಳುತ್ತದೆ. ಮೆಟ್ಟಿಲಿನ ಅಂಚನ್ನು ಅರಿತು ಹಿಂದೆ ಸರಿಯುತ್ತದೆ.

ಆದರೆ ಅದು ನಮ್ಮ ಹೊಸ್ತಿಲನ್ನು ಬಲ್ಲದೆ? ಇಂಥ ಯಂತ್ರಗಳಲ್ಲಿ ಹೆಚ್ಚಿನವು ಸುಮಾರು 2 ಸೆಂಟಿಮೀಟರಿಗಿಂತ ಎತ್ತರವಾದ ತಡೆಯನ್ನು ದಾಟಲಾರವು. ಅರಿಸಿನ ಕುಂಕುಮವಿಟ್ಟ ಹೊಸ್ತಿಲಿನೆದುರು ಅದು ತಬ್ಬಿಬ್ಬಾಗಿ ತಿರುಗುತ್ತದೆ. ಆದುದರಿಂದ ಕೊಳ್ಳುವ ಮುನ್ನ ಅಳತೆಪಟ್ಟಿ ಹಿಡಿಯುವುದು ವಿವೇಕ.

ಅಳೆಯಬೇಕಾದುದು ಇನ್ನೊಂದಿದೆ. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡವಳು. ಆಕೆಯನ್ನು ಕೊಂಡಾಡುವ ನಾವು ನಮ್ಮ ಮನೆಯ ಕೆಲಸದಾಕೆಯ ಸೊಂಟನೋವನ್ನು ವಿಚಾರಿಸಿದ್ದೇವೆಯೆ? ಯಂತ್ರ ಬಂದಾಗ ಬಗ್ಗುವ ಬೆನ್ನಿಗೆ ಬಿಡುವು ಸಿಕ್ಕೀತು, ನಿಜ. ಅದೇ ನೆಪದಿಂದ ಆಕೆಯ ಸಂಬಳಕ್ಕೆ ಖೋತಾ ಆದರೆ, ಆ ಬಿಡುವಿನ ಬೆಲೆಯನ್ನು ತೆತ್ತವಳು ಆಕೆಯೇ.

ಬೆಲೆಯನ್ನು ಅಂಗಡಿಯಲ್ಲಿ ಕೇಳೋಣ. ಬೇಕೋ ಬೇಡವೋ ಎಂಬುದನ್ನು ಪೊರಕೆ ಹಿಡಿದವರನ್ನು ಕೇಳೋಣ. ಕೊಳ್ಳುವುದಾದರೆ ಸಂಬಳವನ್ನು ಮುಟ್ಟದೆ ಕೊಳ್ಳೋಣ. ಹಾಗೆ ಕೊಳ್ಳಲು ಶಕ್ತಿಯಿಲ್ಲವಾದರೆ, ಆ ಯಂತ್ರ ನಮಗಿನ್ನೂ ದುಬಾರಿಯೆಂದೇ ತಿಳಿಯೋಣ.