ಪರದೇಶದಲ್ಲಿ ಪರಿಚಿತರ ಮನೆ



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಿಂದ ಹೊರಟ ನಮ್ಮ ಬಂಧುಮಿತ್ರರಲ್ಲಿ ಕೆಲವರು ಇಂದು ಪರದೇಶಗಳಲ್ಲಿ ನೆಲೆಸಿದ್ದಾರೆ. ಅವರು ಕರೆದಾಗ, ಈ ವಯಸ್ಸಿನಲ್ಲಿ ಇಷ್ಟು ಖರ್ಚೇಕೆ, ಆಯಾಸವೇಕೆ ಎಂದು ನಾವು ಹಿಂಜರಿಯುತ್ತೇವೆ.

ನೋಟಕ್ಕೆಂದು ಹೋದವನು ಕಟ್ಟಡಗಳನ್ನು ಕಂಡು ಮರಳುತ್ತಾನೆ. ಪರಿಚಿತರ ಮನೆಯಲ್ಲಿ ತಂಗಿದವನಾದರೋ ಆ ನಾಡಿನ ಊಟ, ದುಡಿಮೆ, ನೆರೆಹೊರೆ, ಭಾನುವಾರದ ಬಲಿಪೂಜೆ ಎಲ್ಲವನ್ನೂ ಅರಿಯುತ್ತಾನೆ. ದೂರವಾಣಿಯಲ್ಲಿ ನಗುನಗುತ್ತ ಮಾತನಾಡುವ ನಮ್ಮವರು ಅಲ್ಲಿ ನುಂಗಿಕೊಂಡಿರುವ ಒಂಟಿತನವೂ ಆಗಲೇ ತಿಳಿಯುವುದು.

ಪರನಾಡಿನಲ್ಲಿ ಅತಿಥಿಯಾಗಿ ಬಾಳುವ ಬಗೆಗೆ ನಿದರ್ಶನ ನಮ್ಮ ಮಣ್ಣಿನಲ್ಲಿಯೇ ಉಂಟು. 1792ರಲ್ಲಿ ಫ್ರಾನ್ಸಿನಿಂದ ಭಾರತಕ್ಕೆ ಬಂದ ಅಬ್ಬೆ ದ್ಯುಬುವಾ ಸ್ವಾಮಿಯವರು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಇಲ್ಲಿಯ ಕ್ರೈಸ್ತರ ಸೇವೆಗೆ ನಿಂತರು. ಈ ನಾಡಿನವರಂತೆಯೇ ಉಡುಪು ಧರಿಸಿ, ಅವರ ನಡೆನುಡಿಗಳನ್ನು ಕಲಿತು, ಸಿಡುಬಿಗೆ ಲಸಿಕೆ ಹಾಕಿಸಲು ಶ್ರಮಿಸಿ, 1823ರಲ್ಲಿ ಸ್ವದೇಶಕ್ಕೆ ಮರಳಿದರು. ಹೋದ ಮನೆಯ ರೀತಿಗೆ ತಲೆಬಾಗಿದ ಅತಿಥಿ ಪಡೆಯುವುದೂ ಹೆಚ್ಚು, ಕೊಡುವುದೂ ಹೆಚ್ಚು.

ಮಾತೆ ಮರಿಯಮ್ಮನವರು ಬೆಟ್ಟದ ಸೀಮೆಗೆ ಪಯಣಿಸಿ, ಎಲಿಜಬೇತಮ್ಮನವರ ಮನೆಯಲ್ಲಿ ಸುಮಾರು ಮೂರು ತಿಂಗಳು ತಂಗಿದ್ದರೆಂದು ಶುಭಸಂದೇಶ ತಿಳಿಸುತ್ತದೆ. ಆ ಭೇಟಿಯೂ ಸೇವೆಯೇ ಆಗಿತ್ತು. ಕರೆಯುವವರು ಇರುವಾಗಲೇ, ಕಾಲುಗಳಲ್ಲಿ ಕಸುವಿರುವಾಗಲೇ ನಾವೂ ಹೊರಡೋಣ.