ಬೆಂಕಿ ಆರಿಸುವವನ ಮನೆ

ಬೆಂಕಿ ಬಿದ್ದ ಮನೆಯನ್ನು ನೋಡಲು ಊರೇ ನೆರೆಯುತ್ತದೆ. ಆ ಬೆಂಕಿಯನ್ನು ಆರಿಸಿ ಹಿಂದಿರುಗುವವನ ಮನೆ ಎಲ್ಲಿ, ಅಲ್ಲಿ ಯಾರು ನಿದ್ದೆಗೆಟ್ಟು ಕುಳಿತಿರುತ್ತಾರೆ ಎಂದು ವಿಚಾರಿಸುವವರು ವಿರಳ. ಈ ಹೊತ್ತು ಆ ಮನೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಬೇಕೆಂದಿದ್ದೇನೆ.

ಆಗಿನ ಮೈಸೂರು ರಾಜ್ಯದಲ್ಲಿ ಅಗ್ನಿಶಾಮಕ ದಳಕ್ಕೆಂದೇ ಶಾಸನವಾದುದು 1964ರಲ್ಲಿ. ಆ ಕಾಲಕ್ಕೆ ದಳವನ್ನು ಸೇರಿ ಬೆಂಗಳೂರಿನಲ್ಲಿ ದುಡಿದ ಒಬ್ಬರು, ವಿಲ್ಸನ್ ಗಾರ್ಡನ್ನಿನ ನಮ್ಮ ಬೀದಿಯಲ್ಲಿ ನಿವೃತ್ತಿಯ ದಿನಗಳನ್ನು ಕಳೆದರು. ಅವರು ಈಗಿಲ್ಲ. ನಾನು ಹೇಳುವುದರಲ್ಲಿ ಹೆಚ್ಚಿನದು ಅವರ ಪತ್ನಿಯಿಂದ ಕೇಳಿದ್ದು.

ಆ ಕೆಲಸದ ಸ್ವರೂಪವನ್ನು ನಾವು ಸರಿಯಾಗಿ ತಿಳಿದವರಲ್ಲ. ಕೊಳವೆಯ ನೀರು ಮುಂದಕ್ಕೆ ಚಿಮ್ಮುವ ರಭಸದಲ್ಲಿಯೇ ಹಿಡಿದವನನ್ನು ಹಿಂದಕ್ಕೆ ನೂಕುತ್ತದೆ; ಆದುದರಿಂದ ಒಬ್ಬನ ಬೆನ್ನಿಗೆ ಇನ್ನೊಬ್ಬನು ಆತು ನಿಲ್ಲಬೇಕು. ಹೊಗೆಯು ಮೇಲಕ್ಕೇರುವುದರಿಂದ ನೆಲದ ಮೇಲೆ ತೆವಳುತ್ತ, ಗೋಡೆಯನ್ನು ತಡವುತ್ತ ಒಳಹೊಗಬೇಕು. ಗೋಡೆ ಕೈತಪ್ಪಿತೆಂದರೆ ಹಿಂದಿರುಗುವ ದಾರಿಯೂ ತಪ್ಪಿತು.

ಅವರ ವಸತಿ ಠಾಣೆಯ ಪಕ್ಕದಲ್ಲಿಯೇ ಇದ್ದಿತು. ಗಂಟೆ ಬಾರಿಸಿದರೆ ಕಲಸಿದ ಅನ್ನ ತಟ್ಟೆಯಲ್ಲಿಯೇ ಉಳಿಯುವುದು. ಗಾಡಿ ಹಿಂದಿರುಗಿದ ಸದ್ದಾದೊಡನೆ ಸಾಲುಮನೆಗಳ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರಂತೆ. ಇಳಿಯುವವರನ್ನು ಎಲ್ಲರೂ ಎಣಿಸುವರು. ಬಾಯಿಬಿಟ್ಟು ಎಣಿಸುವವರು ಯಾರೂ ಇಲ್ಲ. “ಬೆಂಕಿ ಆರಿಸಿ ಬರೋರಿಗೆ ನಾನು ಬಚ್ಚಲ ಒಲೆ ಹೊತ್ತಿಸಿ ಇಟ್ಟಿರುತ್ತಿದ್ದೆ ಮೇಷ್ಟ್ರೇ. ಎಷ್ಟು ನೀರು ಹುಯ್ದರೂ ಆ ಹೊಗೆಯ ವಾಸನೆ ಹೋಗುತ್ತಿರಲಿಲ್ಲ,” ಎಂದು ಆಕೆ ಹೇಳಿದರು.

ಈ ಎಣಿಕೆಯಲ್ಲಿ ಲೆಕ್ಕ ತಪ್ಪಿದ ದಿನಗಳೂ ಉಂಟು. ಲಂಡನ್ನಿನ ದಳವನ್ನು ಕಟ್ಟಿ ಬೆಳೆಸಿದ ಜೇಮ್ಸ್ ಬ್ರೇಡ್‌ವುಡ್ 1861ರಲ್ಲಿ ಟೂಲಿ ಬೀದಿಯ ಬೆಂಕಿಯಲ್ಲಿ ಗೋಡೆ ಕುಸಿದು ಮಡಿದನು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿಯನ್ನೂ ಸಿಡಿಮದ್ದನ್ನೂ ಒಟ್ಟಿಗೆ ಹೊತ್ತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗಿಗೆ ಬೆಂಕಿ ತಗಲಿತು. ಆರಿಸಲು ಹೋದ 66 ಮಂದಿ ಅಗ್ನಿಶಾಮಕರು ಆಸ್ಫೋಟಕ್ಕೆ ಬಲಿಯಾದರು. ಆ ತಾರೀಖನ್ನೇ ದೇಶವು ಅಗ್ನಿಶಾಮಕರ ಸ್ಮರಣೆಯ ದಿನವಾಗಿ ಇಟ್ಟುಕೊಂಡಿದೆ.

ನಮ್ಮ ನೆರೆಯವರು ಪ್ರತಿ ಸಲವೂ ಹಿಂದಿರುಗಿದರು. ಆದರೆ ಹಿಂದಿರುಗಿದವನು ಹೋದವನೇ ಆಗಿರುತ್ತಾನೆಂದು ಹೇಳಲಾಗದು. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿಯಿತು. ಸತ್ತವರು 90ಕ್ಕೂ ಹೆಚ್ಚು, ಬಹುಮಂದಿ ಮಕ್ಕಳು. ಆ ರಾತ್ರಿ ಮನೆಗೆ ಬಂದವರು ಸ್ನಾನಕ್ಕೆ ಏಳಲಿಲ್ಲ, ಊಟಕ್ಕೆ ಕೂರಲಿಲ್ಲ. ಮಲಗಿದ್ದ ತಮ್ಮ ಇಬ್ಬರು ಮಕ್ಕಳ ಕಾಲ ಬಳಿ, ಮಸಿಯ ಕೈಗಳನ್ನು ಮುಟ್ಟಿಸದೆ ಮಡಿಲಲ್ಲಿಟ್ಟುಕೊಂಡು, ಬೆಳಗಿನವರೆಗೆ ಕುಳಿತಿದ್ದರಂತೆ. ಏನನ್ನು ಕಂಡರೆಂದು ಆಕೆ ಕೇಳಲಿಲ್ಲ. ಅವರು ಕೊನೆಯವರೆಗೂ ಹೇಳಲಿಲ್ಲ. ಮುಂದೆ ದೀಪಾವಳಿಯ ಪಟಾಕಿಯನ್ನು ಮಾತ್ರ ಆ ಮನೆ ಕಾಣಲಿಲ್ಲ.

ಧೈರ್ಯವೆಂದರೆ ಉರಿಯೊಳಕ್ಕೆ ನುಗ್ಗುವುದು ಎಂದು ನಾನು ತಿಳಿದಿದ್ದೆ. ಕೇಳದೆ, ಅಳದೆ, ಒಲೆ ಹೊತ್ತಿಸಿಟ್ಟುಕೊಂಡು ಕಾಯುವುದು ಅದಕ್ಕಿಂತ ಕಡಮೆಯದೆಂದು ಈಗ ಹೇಳಲಾರೆ. ಇಲಾಖೆಯ ಸಂಬಳ ಒಬ್ಬನಿಗೆ. ದುಡಿಮೆ ಇಡೀ ಸಂಸಾರದ್ದು.

ನಮ್ಮ ಬಡಾವಣೆಯ ಅಡ್ಡರಸ್ತೆಗಳು ಕಿರಿದು. ಎರಡು ಕಡೆಯೂ ಕಾರು ನಿಲ್ಲಿಸಿದರೆ ಕೆಂಪು ಗಾಡಿ ಒಳಬರಲಾರದು. ಅವರಿಗಾಗಿ ಸನ್ಮಾನಸಭೆಯನ್ನು ಕೂಡಿಸುವುದು ಎಲ್ಲರಿಂದಲೂ ಆಗದಿರಬಹುದು. ದಾರಿ ಬಿಡುವುದು ಎಲ್ಲರಿಂದಲೂ ಆದೀತು. ನಾವು ಬಿಟ್ಟ ದಾರಿಯಲ್ಲಿ ಆ ಗಾಡಿ ಬೇಗ ಹೋದರೆ, ಎಲ್ಲಿಯೋ ಒಂದು ಬಾಗಿಲಲ್ಲಿ ನಿಂತ ಹೆಂಗಸು ಅಷ್ಟು ಬೇಗ ಒಳಗೆ ಹೋಗಬಲ್ಲಳು.